ಸ್ಕ್ರೂಡ್ರೈವರ್ ಮಾವ

ನನ್ನ ಅಕ್ಷರ ಸೊಟ್ಟ, ಮಾತು ಒರಟು, ಸೈರಿಸಿಕೊಳ್ಳಿ. ನಮ್ಮ ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸ್ಕ್ರೂಡ್ರೈವರ್ ಮಾವ, ಯಾರ ಪರದೆ ಕಪ್ಪಾದರೂ, "ಏನಮ್ಮಾ ಮುಟ್ಟಿದೆ?" ಎಂದು ಮೇಲೆ ಬೀಳುತ್ತಾರೆ. ಏನೂ ಮುಟ್ಟಿಲ್ಲವೆಂದರೆ, "ಹಾಗಾದ್ರೆ ದೆವ್ವ ಮುಟ್ಟಿತಾ?" ಎಂದು ಹಲ್ಲು ಕಡಿಯುತ್ತಾರೆ. ಆಮೇಲೆ ಒಬ್ಬರ ಕಂಪ್ಯೂಟರಿನ ಭಾಗ ಕಿತ್ತು ಇನ್ನೊಬ್ಬರದಕ್ಕೆ ಹಾಕುತ್ತಾರೆ. ಹಾಗಾಗಿ ಸದಾ ಯಾರದಾದರೂ ಒಂದು ಸತ್ತು ಬಿದ್ದಿರುತ್ತದೆ. ಈ ವಾರ ನನ್ನದು. "ನಾಳೆ ಟೈಪಿಂಗ್ ಮುಗಿಯದಿದ್ರೆ ಕೆಲಸಕ್ಕೇ ಬರಬೇಡ," ಎಂದರು ಯಜಮಾನರು. ಸಿಟ್ಟು ನೆತ್ತಿಗೇರಿ ಮಾವನ ಕಂಪ್ಯೂಟರನ್ನೇ ಎತ್ತಿಕೊಂಡೆ. ಬಿಚ್ಚಿ ನೋಡಿದರೆ ಒಳಗೇನೂ ಇಲ್ಲ, ಬರೀ ಡಬ್ಬ! ಎಲ್ಲರಿಗಿಂತ ಮೊದಲು ತಮ್ಮದನ್ನೇ ಬರಿದು ಮಾಡಿದ್ದರು. "ಹೊಸ ಭಾಗ ಕೇಳಿದ್ರೆ ಯಜಮಾನ್ರು, ಹಳೇದ್ರಲ್ಲೇ ಹೊಂದಿಸು ಅಂತಾರೆ," ಎಂದು ಮಾವ ಗೊಣಗಿದರು. ನಾಳೆ ಬೆಳಿಗ್ಗೆ ಈ ಡಬ್ಬವನ್ನು ಯಜಮಾನರ ಮೇಜಿನ ಮೇಲಿಟ್ಟು, ಇದರಲ್ಲಿ ನೀವೇ ಟೈಪ್ ಮಾಡಿ ತೋರಿಸಿ ಎನ್ನುತ್ತೇನೆ.