ಬರಕತ್ತು ಬೇಡದ ಅಂಗಡಿ

ಹುಮನಾಬಾದಿನಲ್ಲಿ ನನ್ನದು ಬಡಿಗತನದ ಅಂಗಡಿ. ಮದುವೆಯ ಪಲಂಗ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಈ ಕಡೆ ಇರಲಿಲ್ಲ. ನಾನೇ ಹೇಳಿಕೊಂಡರೂ ಇದು ಸುಳ್ಳಲ್ಲ. ಅದೇ ಸೂರಿನಡಿ ಶವಪೆಟ್ಟಿಗೆಯ ಧಂದೆ ಹಚ್ಚಬೇಕೆಂಬ ಹಟ ಹುಟ್ಟಿದ್ದು ಅವ್ವ ಸತ್ತಾಗ.

ಅವ್ವ ಮುಡಬಿಯಲ್ಲಿ ಕಡು ಬೇಸಿಗೆಯಲ್ಲಿ ತೀರಿಕೊಂಡಳು. ನಮ್ಮ ಕ್ರೈಸ್ತರ ಮನೆಗಳು ಊರಿಗೆ ನಾಲ್ಕಾರು, ಪೆಟ್ಟಿಗೆ ಸಿದ್ಧ ಸಿಗುವ ಜಾಗ ಹತ್ತಿರದಲ್ಲಿ ಒಂದೂ ಇರಲಿಲ್ಲ. ಅವಳ ತಲೆದೆಸೆಯಲ್ಲಿ ಕೂರಬೇಕಾದ ಮಗನಾದ ನಾನು ಹುಮನಾಬಾದಿಗೆ ಓಡಿಬಂದು ಹಲಗೆ ಕೊಯ್ಯುತ್ತ ನಿಂತೆ. ಪೆಟ್ಟಿಗೆಯನ್ನು ಟಂಟಂ ಆಟೋ ಮೇಲೆ ಹೇರಿಕೊಂಡು ಮುಡಬಿ ಮುಟ್ಟಿದಾಗ ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಅವ್ವನ ಮುಖ ನೋಡುವ ಹಾಗೆ ಉಳಿದಿರಲಿಲ್ಲ.

ಆಮೇಲೆ ಎಷ್ಟೋ ದಿನ ಮೊಣಕಾಲೂರಿ ಕೇಳಿಕೊಂಡೆ. ಪೆಟ್ಟಿಗೆಗಾಗಿ ಯಾರೂ ಕಾಯಬಾರದು, ಇದೇ ನಿನಗೆ ಕೊಟ್ಟ ಕೆಲಸ ಎಂದು ದೇವರೇ ಹೇಳಿದಂತಾಯಿತು. ಪಲಂಗದ ಪಕ್ಕ ಹೆಣದ ಪೆಟ್ಟಿಗೆ ಇಟ್ಟರೆ ಯಾರು ಬರುತ್ತಾರೆ ಎಂದು ಹೆಂಡತಿ ಕೇಳಿದಳು. ನಮ್ಮ ಸ್ವಾಮಿ ಬೆಳೆದದ್ದೂ ಬಡಿಗನ ಮನೆಯಲ್ಲೇ ಎಂದು ಅವಳ ಬಾಯಿ ಮುಚ್ಚಿಸಿದೆ. ದೇವರ ಜೊತೆ ಮಾತ್ರ ಒಂದು ಕರಾರು ಮಾಡಿಕೊಂಡೆ. ದೊಡ್ಡವನ್ನು ಮಾಡಿಡುತ್ತೇನೆ, ಮಕ್ಕಳ ಅಳತೆಯದನ್ನು ಮಾಡಿಡುವುದಿಲ್ಲ. ಅದು ಬೇಕಾಗುವ ಗರಜು ಬೀಳದಂತೆ ನೋಡಿಕೊಳ್ಳುವುದು ನಿನಗೆ ಬಿಟ್ಟದ್ದು. ಅದನ್ನೇ ನಾನು ವಿಶ್ವಾಸ ಅಂದುಕೊಂಡಿದ್ದೆ.

ನಮ್ಮವರು ಗಿರಣಿ ಹಾಕಲಿ, ಚಹಾದ ಅಂಗಡಿ ಇಡಲಿ, ಮೊದಲ ದಿನ ಪಾಸ್ಟರ್ ಬಂದು ವ್ಯಾಪಾರ ಹೆಚ್ಚಲಿ ಎಂದು ಬರಕತ್ತು ಬೇಡುವುದು ವಾಡಿಕೆ. ಹೆಂಡತಿ ಸಿಹಿಗೆಂದು ಸಿರಾ ಮಾಡಿದ್ದಳು. ಸಭೆಯವರು ಮೂರು ಪೆಟ್ಟಿಗೆಗಳ ಸುತ್ತ ತಲೆ ಬಾಗಿಸಿ ನಿಂತರು. ಪಾಸ್ಟರ್ ಇನ್ನೂ ಹರೆಯದವರು. ಅವರ ಆರು ತಿಂಗಳ ಮಗಳು ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಈ ವ್ಯಾಪಾರ ಬೆಳೆಯಲಿ ಎಂದು ಬೇಡುವುದು ಹೇಗೆ? ಅವರು ಮಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಅಂದರು:

"ಕರ್ತನೇ, ಈ ಪೆಟಗಿ ಯಾರಿಗೂ ಬೇಕಾಗದೆ ಹಿಂಗೇ ಧೂಳು ತಿನ್ಲಿ."

ಹಿರಿಯರೊಬ್ಬರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿ ತೆರೆದ ದಿನವೇ ಅಂಗಡಿಗೆ ಧೂಳು ಬೇಡಿದ ಮಹಾನುಭಾವ ಎಂದು ಹೆಂಡತಿಯ ಮುಂದೆ ವಾರಗಟ್ಟಲೆ ಗೊಣಗಿದೆ.

ಆ ಪ್ರಾರ್ಥನೆ ಚೆನ್ನಾಗಿಯೇ ಫಲಿಸಿತು. ಚಿಟಗುಪ್ಪಕ್ಕೆ ಒಂದು, ಬೇಮಳಖೇಡಕ್ಕೆ ಒಂದು ಪೆಟ್ಟಿಗೆ ಹೋದವು, ಅಷ್ಟೇ. ಪಲಂಗಕ್ಕೆ ಬಂದವರು ಹೊಸ್ತಿಲಲ್ಲೇ ಹಿಂದಿರುಗುತ್ತಿದ್ದರು. ಬಸವಕಲ್ಯಾಣದ ವ್ಯಾಪಾರಿಯೊಬ್ಬರು ಮಗಳ ಮದುವೆಗೆ ಸಾಗವಾನಿ ಪಲಂಗ ಹೇಳಿದ್ದರು. ತಲೆಹಲಗೆಯ ಮೇಲೆ ಜೋಡಿ ನವಿಲು ಕೆತ್ತಲು ನನಗೆ ತಿಂಗಳೇ ಹಿಡಿದಿತ್ತು. ನೋಡಲು ಬಂದವರು ಪೆಟ್ಟಿಗೆ ಕಂಡು ಹೊರಗೇ ನಿಂತರು.

"ನಿಮ್ಮ ಕೆಲಸ ಛಲೋ ಅದರಿ. ಖರೆ, ಮಗಳನ್ನ ಇದರ ಮ್ಯಾಲ ಹ್ಯಾಂಗ ಮಲಗಸಲಿ?"

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವರು ಮೆತ್ತಗೆ ಕೇಳಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಪಲಂಗ ಮೂಲೆಗೆ ಬಿತ್ತು, ಮತ್ತೊಂದಕ್ಕೆ ಯಾರೂ ಹೇಳಲೂ ಇಲ್ಲ. ನನ್ನ ಜೊತೆ ಮಾತಾಡಿದ್ದು ದೇವರೋ, ಅವ್ವನನ್ನು ಕಾಯಿಸಿದ ನನ್ನ ಅಪರಾಧವೋ ಎಂದು ಸಂಶಯ ಹತ್ತಿತು. ಮಳೆಗಾಲ ಕಳೆದ ಮೇಲೆ ಉಳಿದ ಪೆಟ್ಟಿಗೆ ಒಡೆದು ಕಪಾಟು ಮಾಡಿ ಮಾರಿಬಿಡೋಣ, ಈ ಸೇವೆ ಸಾಕು ಎಂದು ನಿಶ್ಚಯಿಸಿದೆ.

ಅದೇ ವಾರ ಒಂದು ಮುಂಜಾನೆ ಪಾಸ್ಟರ್ ಬಂದರು. ಧೂಳಿನ ಬಗ್ಗೆ ಚುಚ್ಚುವ ಮಾತೊಂದು ನನ್ನ ಬಾಯಲ್ಲಿ ಸಿದ್ಧವಿತ್ತು. ಅಷ್ಟರಲ್ಲಿ ಅವರು ಅಂಗಿಯ ಜೇಬಿನಿಂದ ಬಿಳಿ ದಾರವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಪೆಟ್ಟಿಗೆಗೆ ಬರುವ ಮನೆಯವರು ಹೆಣದ ಉದ್ದವನ್ನು ದಾರದಲ್ಲಿ ಅಳೆದು ತರುತ್ತಾರೆ. ಎತ್ತಿಕೊಂಡೆ. ಎರಡು ಮೊಳವೂ ಇರಲಿಲ್ಲ. ಮೂರು ದಿನದ ಜ್ವರ, ಮಗಳು ಬೀದರದ ದವಾಖಾನೆಯಿಂದ ಜೀವಂತ ಬರಲಿಲ್ಲ ಎಂದರು.

"ಸಣ್ಣದು ಅದ ಏನ್ರಿ, ಬ್ರದರ್?"

"ಇಲ್ರಿ. ಉಳದದ್ದು ದೊಡ್ಡದೇ ಅದ."

ವರ್ಷವಿಡೀ ವಿಶ್ವಾಸ ಎಂದು ಎದೆಯಲ್ಲಿಟ್ಟುಕೊಂಡದ್ದು ಬಾಯಿಂದ ಹೊರಬಂದದ್ದು ಹೀಗೆ. ಅವರು ತಲೆಯಾಡಿಸಿ ಸ್ಟೂಲಿನ ಮೇಲೆ ಕೂತರು. ಯಾರೂ ಕಾಯಬಾರದೆಂದು ತೆರೆದ ಅಂಗಡಿಯಲ್ಲಿ ಅವರು ಕಾಯುತ್ತ ಕೂತರು.

ಇದ್ದ ಬೇವಿನ ಹಲಗೆಗಳು ಮಳೆಗೆ ನೆನೆದಿದ್ದವು. ಮೂಲೆಯ ಪಲಂಗದ ತಲೆಹಲಗೆ ಕಿತ್ತೆ. ಗರಗಸ ಹಾಕುವಾಗ ಹಲಗೆ ಅಲುಗದಂತೆ ಅವರೇ ಬಂದು ಇನ್ನೊಂದು ತುದಿ ಹಿಡಿದರು. ಅವ್ವನ ಪೆಟ್ಟಿಗೆ ಕೊಯ್ಯುವಾಗ ಬಾರದ ಅಳು ಆಗ ಬಂತು. ನವಿಲುಗಳು ಒಳಮುಖವಾಗಿ ಬರುವಂತೆ ಹಲಗೆ ಹೊರಳಿಸಿ ಮೊಳೆ ಹೊಡೆದೆ. ಕ್ಷಮೆ ಕೇಳಿದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ, ಬಿಡಿಸಿ ಹೇಳುವ ಧೈರ್ಯ ನನಗೂ ಆಗಲಿಲ್ಲ.

ದೊಡ್ಡ ಪೆಟ್ಟಿಗೆಯನ್ನು ನಾನು ಒಡೆಯಲಿಲ್ಲ. ಅದರ ಪಕ್ಕ ಈಗ ಸಣ್ಣದೊಂದು ಸಿದ್ಧವಿದೆ. ದಿನಾ ಶಟರ್ ಎತ್ತಿ ಎಲ್ಲದರ ಮೇಲೂ ಅರಿವೆ ಆಡಿಸಿ ಧೂಳು ತೆಗೆಯುತ್ತೇನೆ. ಆ ಸಣ್ಣದೊಂದನ್ನು ಮಾತ್ರ ಒರೆಸುವುದಿಲ್ಲ.