ಹುತ್ತದ ಪಕ್ಕದ ಸಾಲು

ಇವತ್ತು ಬೆಳಿಗ್ಗೆ ಮೊಮ್ಮಗನ ಹೆಂಡತಿ ತೋಟಕ್ಕೆ ಹೊರಡುವ ಮುಂಚೆ ಒಲೆಯ ಉರಿಗೆ ಕುಡುಗೋಲು ಹಿಡಿದಿದ್ದಳು. ಬಾಳೆಯ ಸೊನೆ ಸುಟ್ಟ ವಾಸನೆ ಬಂತು ನೋಡಿ, ನನ್ನ ಕೈಯಲ್ಲಿದ್ದ ಕಡೆಗೋಲು ಹಾಗೇ ನಿಂತಿತು. ಬಾಳೆ ಸವರುವ ಕುಡುಗೋಲಿಗೆ ಬೆಂಕಿ ತೋರಿಸುವುದು ನಮ್ಮ ಮನೆಯೊಂದರ ಪದ್ಧತಿ. ಊರವರು ನಗುತ್ತಾರೆ. ಅದು ಹುಟ್ಟಿದ್ದು ನನ್ನದೊಂದು ಸುಳ್ಳಿನಿಂದ ಅಂತ ಅವರಿಗೆ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ.

ಇಂಗ್ಲಿಷರ ಕೈಗೆ ಪಟ್ಟಣದ ಕೋಟೆ ಬೀಳುವುದಕ್ಕೆ ಎರಡು ವರ್ಷ ಮುಂಚೆ ನಾನು ಈ ಕೊಪ್ಪಲಿಗೆ ಸೊಸೆಯಾಗಿ ಬಂದವಳು. ನಾಲೆಯ ದಂಡೆಯಲ್ಲಿ ಅತ್ತೆಯದು ನಾಲ್ಕು ಸಾಲು ಬಾಳೆ. ಹಿಂದೊಮ್ಮೆ ದಂಡು ತುಳಿದುಹೋದ ತೋಟದಲ್ಲಿ ಉಳಿದ ಒಂದೇ ಗೆಡ್ಡೆಯಿಂದ ಅಷ್ಟನ್ನೂ ಎಬ್ಬಿಸಿದ್ದರು. ಆ ತಳಿ ಸುತ್ತ ಇನ್ನೆಲ್ಲೂ ಇರಲಿಲ್ಲ. ನನಗೋ ಅತ್ತೆಯನ್ನು ಮೆಚ್ಚಿಸುವ ಹುಚ್ಚು. ದಿನವೂ ಕುಡುಗೋಲು ಹಿಡಿದು ಹೊರಡುತ್ತಿದ್ದೆ.

ಮೊದಲ ಸಾಲಿನ ಗಿಡವೊಂದು ಸೊರಗಿತು. ಎಲೆಗಳು ಹಳದಿಯಾಗಿ ಮುರಿದು ಜೋತುಬಿದ್ದವು. ಕಾಯಿ ಬಲಿಯದೆ ಹಣ್ಣಾಯಿತು, ಹೆಚ್ಚಿದರೆ ಒಳಗೆಲ್ಲ ಕಪ್ಪು. ಅಯ್ಯೋ ಪಾಪ ಅಂತ ಅದನ್ನು ಅಕ್ಕರೆಯಿಂದ ಸವರಿ, ಅದೇ ಕುಡುಗೋಲಲ್ಲಿ ಪಕ್ಕದ್ದಕ್ಕೆ ಹೋದೆ. ಎರಡು ತಿಂಗಳಲ್ಲಿ ಮೂರು ಸಾಲು ಮಲಗಿದವು. ಉಳಿದದ್ದು ಹುತ್ತದ ಪಕ್ಕದ್ದೊಂದೇ. ಅದರ ಬುಡದಲ್ಲೆದ್ದ ಮರಿಗಿಡ, ಆ ಕಂದು ಕಿತ್ತು ಬೇರೆ ಕಡೆ ನೆಡೋಣವೆಂದು ಅತ್ತೆ ನನ್ನ ಕೈಯಿಂದ ಕುಡುಗೋಲು ಇಸಿದುಕೊಂಡರು. ಆ ಹೊತ್ತಿಗೆ ಊಟದ ಎಲೆ ಕೇಳಲು ಕುಲುಮೆಯ ಆಚಾರಿ ಬಂದ. ಕಡಿದ ದಿಂಡಿನಿಂದ ಕೀವಿನ ಹಾಗೆ ಜಿನುಗುತ್ತಿದ್ದುದನ್ನು ಮುಟ್ಟಿ ನೋಡಿದ; ಆಮೇಲೆ ತಾನೇ ಬಡಿದುಕೊಟ್ಟಿದ್ದ ಕುಡುಗೋಲನ್ನು ನೋಡಿದ.

"ಈ ಕುಡ್ಲು ಯಾವ್ಯಾವ್ ಗಿಡ ಮುಟ್ಟೈತೆ ಕಣವ್ವಾ?"

"ಎಲ್ಲಾವ. ನಮ್ ಸೊಸೆ ಒಂದ್ನೂ ಬುಡಕ್ಕಿಲ್ಲ."

"ಹುತ್ತದ್ ತಾವಿರೋವ್ನೂವೆ?"

"ಅದ್ನೂವೆ."

"ಅಂಗಾರೆ ಕುಡ್ಲುದೇನೂ ತಪ್ಪಿಲ್ಲ ಬುಡು. ಅವು ಇನ್ನೂ ಅಸ್ರಾಗೇ ಅವೆ. ಕಂದು ತಕ್ಕೊ."

ಅತ್ತೆ ಬಗ್ಗಿದರು. ಹುತ್ತದ ಹಾವಿಗೆ ಹೆದರಿ ಆ ಸಾಲಿನ ಹತ್ತಿರ ನಾನು ಹೋದದ್ದೇ ಇಲ್ಲ. ದಿನವೂ ದೂರದಿಂದಲೇ ಕೈಮುಗಿದು ಬಂದು, "ಎಲ್ಲಾ ಆಯ್ತು ಅತ್ತೆಮ್ಮ" ಅನ್ನುತ್ತಿದ್ದೆ. ಕುಡುಗೋಲಿಗೂ ಕಂದಿಗೂ ಒಂದು ಗೇಣು ಉಳಿದಿತ್ತು.

"ತಡೀರಿ ಅತ್ತೆಮ್ಮ! ಆ ಸಾಲ್ಗೆ ನಾನು ಕಾಲೇ ಇಕ್ಕಿಲ್ಲ!"

ಅತ್ತೆ ಬಗ್ಗಿದಲ್ಲಿಂದಲೇ ತಿರುಗಿ ನೋಡಿದರು. ಆ ನೋಟ ಇವತ್ತಿಗೂ ಬೆನ್ನ ಮೇಲಿದೆ. ಆಚಾರಿ ಕುಡುಗೋಲು ಕಿತ್ತುಕೊಂಡ. "ಅಂಗಾರೆ ರೋಗ ಅಂಟ್ಸಿರೋದು ಈ ಕುಡ್ಲೇಯ. ಇದ್ನ ದಿನಾ ಬೆಂಕೀಲಿ ಕಾಯ್ಸಿ. ಅಲಗಿನ್ ಹದ ಓದ್ರೆ ಓಗ್ಲಿ, ತಿರ್ಗಾ ನಾನ್ ಕೊಟ್ಟೇನು. ತಳಿ ಓದ್ರೆ ಯಾವ್ ಕುಲುಮೇಲಿ ಬರ್ತದೆ?"

ಮೂರು ಸಾಲನ್ನು ಬುಡಸಮೇತ ಅಗೆದು ಸುಟ್ಟೆವು. ಎಂಟು ದಿನ ಅತ್ತೆ ನನ್ನೊಡನೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಮುದ್ದೆ ಇಕ್ಕುತ್ತಾ ಅಂದರು: "ಪುಕ್ಲಿ ಸೊಸೆ ಬಂದಿದ್ಕೆ ಒಂದ್ ಸಾಲಾರ ಉಳೀತು. ಗಟ್ಟಿಗಿತ್ತಿ ಬಂದಿದ್ರೆ ಅದೂ ಓಯ್ತಿತ್ತು."

ಮಜ್ಜಿಗೆಯಲ್ಲಿ ಬೆಣ್ಣೆ ತೇಲುವ ಹೊತ್ತಿಗೆ ಮೊಮ್ಮಗನ ಹೆಂಡತಿ ತೋಟದಿಂದ ಬಂದಳು. "ಎಲ್ಲಾ ಸವರಿದೆ ಅಜ್ಜಮ್ಮ" ಅಂದಳು, ನೆಲ ನೋಡುತ್ತಾ. ಬೇರೆ ದಿನವಾಗಿದ್ದರೆ ಗದರುತ್ತಿದ್ದೆ. ಇವತ್ತು ಪಕ್ಕಕ್ಕೆ ಸರಿದು ಜಾಗ ಕೊಟ್ಟು, ಅಂಗೈಗೆ ಒಂದು ಉಂಡೆ ಬೆಣ್ಣೆ ಇಟ್ಟೆ.

"ಕೂತ್ಕೊ ಮಗಾ. ಯಾವ್ ಸಾಲು ಬುಟ್ಟೆ?"