ಕೆರೆ ದಂಡೆಯ ಅಜ್ಜಿ

ಇಸಳೂರಿನ ನಮ್ಮ ಪಕ್ಕದ ಮನೆಯಾಕೆ ವಿಡಿಯೋ ಗೇಮ್‌ಗಳಿಗೆ ಕಥೆ ಬರೆಯುತ್ತಿದ್ದಳು. ಯಾರೇ ಸಿಗಲಿ, ಕಣ್ಣು ಮುಚ್ಚಿ ಒಂದು ಸನ್ನಿವೇಶ ಹೇಳಿ, "ಮುಂದೆಂತ ಆಗ್ತು ಹೇಳಿ?" ಎನ್ನುತ್ತಿದ್ದಳು. ಹೊಸ ಗೇಮಿನಲ್ಲಿ ಗುಡ್ನಾಪುರದ ಕೆರೆಯಿತ್ತು. ದಂಡೆಯಲ್ಲಿ ಕೂತು ದಾರಿ ಹೇಳುವ ಮುದುಕಿಗೆ ಅವಳು ತೀರಿಹೋದ ತನ್ನ ಅಜ್ಜಿಯ ಮಾತಿನ ಧಾಟಿ ಕೊಟ್ಟಿದ್ದಳು.

ಒಂದು ಮಧ್ಯಾಹ್ನ ನನ್ನನ್ನು ಆಡಲು ಕೂರಿಸಿದಳು. ನಾನು ಮುದುಕಿಯ ಹತ್ತಿರ ಹೋದೊಡನೆ ಪರದೆಯಲ್ಲಿ ಅಕ್ಷರ ಮೂಡಿತು: "ಕೂಸೆ, ಊಟ ಆತನೆ?"

ಅವಳ ಮುಖ ಬಿಳಿಚಿತು. "ಅಕ್ಕಾ, ಇದನ್ನ ಆನು ಬರದ್ದಿಲ್ಲೆ."

"ಏನೋ ತಪ್ಪಾಗಿದೆ, ಅಳಿಸಿಬಿಡು ಮಾರಾಯ್ತಿ."

ಅವಳು ಅಳಿಸಲಿಲ್ಲ. ಪರದೆಯತ್ತ ಬಾಗಿ, ಊಟ ಆಗಿಲ್ಲವೆಂದು ತಲೆಯಾಡಿಸಿ, ಮೆಲ್ಲಗೆ, "ಇಲ್ಲೆ ಅಜ್ಜಿ" ಎಂದಳು.

"ಹಂಗಾರೆ ಬಾ" ಎಂಬ ಅಕ್ಷರ ಮೂಡಿತು. ಮುದುಕಿ ಎದ್ದು ನೀರಿಗಿಳಿದಳು.

ನಾನು ಹೆದರಿ ಸ್ವಿಚ್ ಆರಿಸಿದೆ. ಅವಳು ಕಪ್ಪಾದ ಪರದೆಗೆ ಅಂಗೈ ಒತ್ತಿ, ನಗುತ್ತ, "ಬತ್ತೆ, ತಡಿ" ಎಂದಳು.